ಬೆಟ್ಟಕ್ಕೆ ಬಯಲಿನ ಟೇಪು

ಬೆಟ್ಟದ ಮೇಲಿನ ಊರು ಪಟ್ಟಣ ಅನ್ನಿಸಿಕೊಳ್ಳಬೇಕಾದರೆ ಮೊದಲು ಚಪ್ಪಟೆಯಾಗಬೇಕು. ಹಾಗಂತ ಯಾವ ಕಾಯ್ದೆಯಲ್ಲೂ ಬರೆದಿಲ್ಲ ಬಿಡಿ. ಆದರೆ ಜನಗಣತಿಯವರ ಲೆಕ್ಕ ಓದಿದರೆ ಬೇರೆ ದಾರಿ ಕಾಣುವುದಿಲ್ಲ.

ಅವರ ಪರೀಕ್ಷೆಗಳು ಮೂರು. ಊರಲ್ಲಿ ಕನಿಷ್ಠ 5,000 ಜನ ಇರಬೇಕು. ಒಂದು ಚದರ ಕಿಲೋಮೀಟರಿಗೆ ಕನಿಷ್ಠ 400 ಜನ ಇರಬೇಕು. ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಮಂದಿಯಾದರೂ ಬೇಸಾಯ ಬಿಟ್ಟು ಬೇರೆ ಕಸುಬಿನಲ್ಲಿರಬೇಕು. ಮೂರರಲ್ಲೂ ಪಾಸಾದರೆ ಪಟ್ಟಣ. ಒಂದರಲ್ಲಿ ಫೇಲಾದರೂ ಹಳ್ಳಿ. ಹಾಂ, ಸರ್ಕಾರವೇ ಮನಸ್ಸು ಮಾಡಿ ಪಟ್ಟಣ ಪಂಚಾಯಿತಿ ಅಂತ ಘೋಷಿಸಿದರೆ ಪರೀಕ್ಷೆ ಬರೆಯುವುದೇ ಬೇಡ. ಮ್ಯಾನೇಜ್‌ಮೆಂಟ್ ಕೋಟಾ ಎಲ್ಲಿಲ್ಲ ಹೇಳಿ.

ಎರಡನೇ ಪ್ರಶ್ನೆಪತ್ರಿಕೆಯಲ್ಲೇ ಮಲೆನಾಡಿನವರು ಮುಗ್ಗರಿಸುವುದು. 2011ರ ಗಣತಿಯಲ್ಲಿ ಕೊಡಗಿನ ಜನಸಾಂದ್ರತೆ ಚದರ ಕಿಲೋಮೀಟರಿಗೆ 135. ಚಿಕ್ಕಮಗಳೂರಿನದ್ದು 158. ಇಡೀ ಕರ್ನಾಟಕದ್ದೇ 319, ಅಂದರೆ ಬೆಂಗಳೂರನ್ನು ಜೊತೆಗಿಟ್ಟುಕೊಂಡೂ ರಾಜ್ಯಕ್ಕೆ ರಾಜ್ಯವೇ ಫೇಲು. ಮಲೆನಾಡಿನ ಮನೆಗಳು ದೂರ ದೂರ ಇರುವುದು ದಾಯಾದಿ ಜಗಳದಿಂದ ಮಾತ್ರ ಅಲ್ಲ. ಅದೂ ಇದೆ, ಇಲ್ಲ ಅನ್ನೋದಿಲ್ಲ. ಆದರೆ ಗುಡ್ಡದಿಂದ ಹರಿದು ಬರುವ ಅಬ್ಬಿ ನೀರು ಎಲ್ಲಿ ಸಿಗುತ್ತದೋ, ಗದ್ದೆ ಮಾಡುವಷ್ಟು ಸಮತಟ್ಟು ಎಲ್ಲಿದೆಯೋ ಅಲ್ಲೇ ತಾನೇ ಮನೆ ಕಟ್ಟಬೇಕು? ಸಾಂದ್ರತೆ ಕಾಪಾಡಲಿಕ್ಕೆ ಅಂತ ಯಾರಾದರೂ ಇಳಿಜಾರಿನಲ್ಲಿ ಜೋತು ಬೀಳುತ್ತಾರಾ?

ಇನ್ನು ಕಸುಬಿನ ವಿಷಯ. ಇದು ನನಗೆ ಬಹಳ ಇಷ್ಟವಾದ ಭಾಗ. ಗಣತಿಯ ವ್ಯಾಖ್ಯೆಯ ಪ್ರಕಾರ ಕಾಫಿ, ಟೀ, ರಬ್ಬರ್, ತೆಂಗು, ಅಡಿಕೆ ಬೆಳೆಯುವುದು ಸಾಗುವಳಿಯೇ ಅಲ್ಲ. ಭತ್ತ ಬೆಳೆದವನು ಸಾಗುವಳಿದಾರ, ಅಡಿಕೆ ಬೆಳೆದವನು ‘ಇತರೆ’. ಹೀಗಾಗಿ ನಮ್ಮವನು ಬೆಳಿಗ್ಗೆ ಗದ್ದೆಗೆ ಇಳಿದಾಗ ರೈತ, ಮಧ್ಯಾಹ್ನ ಧರೆ ಹತ್ತಿ ತೋಟಕ್ಕೆ ಹೋದರೆ ಇತರೆ. ಸಂಜೆ ಕೊಳೆರೋಗ ನೋಡಿ ತಲೆ ಮೇಲೆ ಕೈ ಹೊತ್ತು ಕೂತಾಗ ಯಾವ ಕಾಲಮ್ಮಿಗೆ ಸೇರುತ್ತಾನೋ! ಅವನ ಹೆಂಡತಿಯ ಚಿಂತೆಯಂತೂ ಬೇಡವೇ ಬೇಡ. ಕಾಫಿ ಕೊಯ್ಲಿಗೆ ನಿಲ್ಲುವವರಲ್ಲಿ ಹೆಂಗಸರೇ ಜಾಸ್ತಿ. ಆದರೆ ಊರು ಪಟ್ಟಣವೋ ಹಳ್ಳಿಯೋ ಅಂತ ತೀರ್ಮಾನಿಸುವಾಗ ಗಂಡಸರ ಕೆಲಸವನ್ನಷ್ಟೇ ಎಣಿಸುತ್ತಾರೆ.

ಆರೋಗ್ಯ ಇಲಾಖೆಗಾದರೂ ಬೆಟ್ಟ ಅನ್ನುವುದೊಂದು ಇದೆ ಅಂತ ಗೊತ್ತು. ಬಯಲಿನಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರವಾದರೆ, ಗುಡ್ಡಗಾಡಿನಲ್ಲಿ 3,000 ಜನಕ್ಕೆ ಒಂದು. ದೊಡ್ಡ ಮನಸ್ಸು. ಆದರೆ ಕೊಡಗಿನ ಸಾಂದ್ರತೆಯಲ್ಲಿ 3,000 ಜನ ಸಿಗಬೇಕಾದರೆ 22 ಚದರ ಕಿಲೋಮೀಟರ್ ಸುತ್ತಬೇಕು. ಅದೂ ನಕ್ಷೆಯ ಚದರ ಕಿಲೋಮೀಟರ್. ನಕ್ಷೆಯಲ್ಲಿ ಏರಿಲ್ಲ, ಇಳಿಜಾರಿಲ್ಲ, ರಕ್ತ ಹೀರುವ ಇಂಬಳವೂ ಇಲ್ಲ.

ನಕ್ಷೆಯ ಮೇಲೆ ಸ್ಕೇಲ್ ಇಟ್ಟರೆ ಎದುರು ಗುಡ್ಡದ ಮನೆ ಅರ್ಧ ಕಿಲೋಮೀಟರ್, ಅದರ ಪಕ್ಕದ ಶಾಲೆಯೂ ಅಷ್ಟೇ. ಕೂಗಳತೆ ದೂರ. ‘ಹೋಯ್’ ಅಂದರೆ ಆ ಮನೆಯವರು ‘ಓಯ್’ ಅನ್ನುತ್ತಾರೆ, ‘ಊಟ ಆಯ್ತಾ’ ಅಂತಲೂ ಕೇಳಬಹುದು. ಹೋಗಿ ಊಟ ಮಾಡುವುದೇ ಕಷ್ಟ. ನಡುವೆ ಒಂದು ಹಳ್ಳ. ಹಳ್ಳಕ್ಕೆ ಎರಡು ಅಡಿಕೆ ಮರ ಜೋಡಿಸಿ ಕಟ್ಟಿದ ಸಂಕ. ಹಿಡಿದುಕೊಳ್ಳಲಿಕ್ಕೆ ಒಂದು ಬಿದಿರು. ಪಾಚಿ ಕಟ್ಟಿದ ಮರದ ಮೇಲೆ ಮಕ್ಕಳು ಅಡ್ಡಡ್ಡ ಹೆಜ್ಜೆ ಇಟ್ಟು ದಾಟುತ್ತವೆ, ಒಂದು ಕೈ ಬಿದಿರಿಗೆ, ಒಂದು ಕೈ ಕೊಡೆಗೆ. ಜೋರು ಮಳೆ ಬಂದು ಸಂಕ ತೇಲಿಹೋದರೆ ಮೇಲಿನ ಸೇತುವೆವರೆಗೆ ಸುತ್ತು ಹೊಡೆಯಬೇಕು. ಕಡತದಲ್ಲಿ ಮಾತ್ರ ಶಾಲೆ ಮಳೆಗಾಲದಲ್ಲೂ ಅರ್ಧ ಕಿಲೋಮೀಟರಿನಲ್ಲೇ ಇರುತ್ತದೆ.

ಭೂಮಿ ಮೇಲೆ ನಿಂತು ನೋಡಿದವರ ಕಥೆ ಇದು. ಆಕಾಶದಿಂದ ನೋಡಿದವರದ್ದು ಇನ್ನೊಂದು. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶವನ್ನು, ಅಂದರೆ ಗಣಿ, ಕಾರ್ಖಾನೆಗಳಿಗೆ ಕಡಿವಾಣ ಬೀಳಬೇಕಾದ ಜಾಗವನ್ನು, ಉಪಗ್ರಹದ ಚಿತ್ರ ಇಟ್ಟುಕೊಂಡು ಗುರುತಿಸಿದರು. ಮೇಲಿನಿಂದ ನೋಡಿದರೆ ನೆರಳು ಮರದ ಕೆಳಗಿನ ಕಾಫಿ ತೋಟವೂ ಹಸಿರು, ಕಾಡೂ ಹಸಿರು. ತೋಟವನ್ನೆಲ್ಲ ಕಾಡು ಅಂದುಬಿಟ್ಟರು ಅಂತ ಊರವರ ತಕರಾರು. ಕಾಡು ಅಂದರೇನಂತೆ, ಉಳಿಯಲಿ ಅಂತ ನನ್ನಂಥವರ ಗೊಣಗಾಟ. ಇಬ್ಬರೂ ಗಾಬರಿಯಾಗುವ ಅಗತ್ಯವೇ ಇರಲಿಲ್ಲ. ಕರ್ನಾಟಕದ 20,668 ಚದರ ಕಿಲೋಮೀಟರ್ ಸೇರಿಸಿ ತಯಾರಾದ ಕರಡು ಅಧಿಸೂಚನೆ 2014ರಲ್ಲಿ ಬಂತು. 2024ರ ಹೊತ್ತಿಗೆ ಅದು ಅಂತಿಮವಾಗದೇ ಆರನೇ ಸಲ ಕರಡಾಗಿಯೇ ಬಂತು. ಪ್ರತಿ ಸಲವೂ ಆಕ್ಷೇಪಣೆಗೆ 60 ದಿನ. ಕಳೆದ ಸಲದ ಆಕ್ಷೇಪಣೆಯ ದಿನಾಂಕ ತಿದ್ದಿ ಮತ್ತೆ ಕಳಿಸಿದರೂ ನಡೆಯುತ್ತದೆ.

ಕರಡಿಗೆ ಕಾಯದೇ ಕೆಲಸ ಮುಗಿಸುವುದು ಮಳೆ ಒಂದೇ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದವು. ಮನೆ ಹೋಯಿತು, ಜನ ಹೋದರು, ಮೇಲಿದ್ದ ತೋಟ ಕೆಳಗಿನ ಗದ್ದೆಗೆ ಬಂದು ಕೂತಿತು. ಪಹಣಿಯಲ್ಲಿ ಮಾತ್ರ ಒಂದು ಸೆಂಟೂ ಕದಲಲಿಲ್ಲ.

ಹಾಗಂತ ನಮ್ಮ ಊರುಗಳಿಗೆ ಪಾಸಾಗುವ ಯೋಗವೇ ಇಲ್ಲ ಅನ್ನಬೇಡಿ. ಶನಿವಾರ ಬೆಳಿಗ್ಗೆ ಮುಳ್ಳಯ್ಯನಗಿರಿಯ ಕಡೆ ಬನ್ನಿ. 1,930 ಮೀಟರಿನ ರಾಜ್ಯದ ಅತಿ ಎತ್ತರದ ಶಿಖರ. ಬಂಪರಿಗೆ ಬಂಪರ್ ತಾಗಿಸಿ ನಿಂತ ಕಾರುಗಳು, ಮಧ್ಯೆ ಸಿಕ್ಕಿಕೊಂಡ ಹಾಲಿನ ಗಾಡಿ, ರಸ್ತೆ ಬದಿಗೆಲ್ಲ ಚಿಪ್ಸ್ ಪೊಟ್ಟಣ. 5,000 ಜನ ಬೇಕಿತ್ತಲ್ವಾ, ಇದ್ದಾರೆ. ಸಾಂದ್ರತೆ ಕೇಳಲೇಬೇಡಿ, ಸೆಲ್ಫಿಗೆ ಕೈ ಚಾಚಿದರೆ ಇನ್ನೊಬ್ಬರ ಮೂಗಿಗೆ ತಾಗುತ್ತದೆ. ಗಂಡಸರಲ್ಲಿ ಬೇಸಾಯ ಮಾಡುವವನು ದುರ್ಬೀನು ಹಾಕಿ ಹುಡುಕಿದರೂ ಸಿಗುವುದಿಲ್ಲ, ಎಲ್ಲರೂ ಲ್ಯಾಪ್‌ಟಾಪ್‌ನವರೇ. ಮೂರಕ್ಕೆ ಮೂರೂ ಡಿಸ್ಟಿಂಕ್ಷನ್.

ಏನು ಮಾಡುವುದು, ಗಣತಿಯವರಿಗೆ ಶನಿವಾರ ರಜೆ.