ಫಿಜಿ ಕಥೆ ಬರೀ ಇಂಡಿಯನ್ ವರ್ಸಸ್ ಮೂಲನಿವಾಸಿ ಅಲ್ಲ

ಪೆಸಿಫಿಕ್ ಸಮುದ್ರದ ದ್ವೀಪದೇಶ ಫಿಜಿ ಬಗ್ಗೆ ಒಂದು ಲೇಖನ ಓದಿದೆ, ಇಂಡಿಯನ್ಸ್ ಅಧಿಕಾರ ಹಿಡಿದ್ರು ಅಂತ ಅಲ್ಲಿ ಮಿಲಿಟರಿ ದಂಗೆ ಆಯ್ತು ಅಂತ ಲೇಖಕರು ಒಂದೇ ಏಟಿಗೆ ಬರೆದುಬಿಟ್ಟಿದಾರೆ. ಅಷ್ಟು ಸಲೀಸಿಲ್ಲ ಸಾರ್ ಅದು. 1987ರಲ್ಲಿ ಕರ್ನಲ್ ರಬುಕಾ ಮುಖಕ್ಕೆ ಮಾಸ್ಕ್ ಹಾಕಿದ ಸೈನಿಕರನ್ನ ಪಾರ್ಲಿಮೆಂಟಿಗೇ ನುಗ್ಗಿಸಿ ಇಳಿಸಿದ್ದು ಯಾರನ್ನ ಹೇಳಿ, ಪ್ರಧಾನಿ ತಿಮೋಥಿ ಬವಾಂದ್ರಾ ಅನ್ನೋರನ್ನ, ಅವರು ಅಪ್ಪಟ ಮೂಲನಿವಾಸಿ, ಡಾಕ್ಟರ್ ಬೇರೆ! ಇಂಡಿಯನ್ಸ್ ಜೊತೆ ಸೇರಿ ಎಲೆಕ್ಷನ್ ಗೆದ್ದಿದ್ದೇ ತಪ್ಪಾಯ್ತು, ಯಾಕಂದ್ರೆ 1970ರಲ್ಲಿ ಸ್ವಾತಂತ್ರ್ಯ ಬಂದಾಗಿಂದ 17 ವರ್ಷ ಪ್ರಧಾನಿ ಕುರ್ಚಿ ಬಿಡದೆ ಕೂತಿದ್ದೋರು ರಾತು ಮಾರಾ, ದೊಡ್ಡ ಪಾಳೇಗಾರ ಮನೆತನ. ಸೋತಿದ್ದು ಅವರು, ಬೊಬ್ಬೆ ಹೊಡೆದಿದ್ದು ಮಾತ್ರ ಜನಾಂಗದ ಹೆಸರಲ್ಲಿ.

ಇನ್ನೊಂದು ವಿಷ್ಯ, ಆ ದಂಗೆ ಆದ ತಾರೀಖು ಮೇ 14. 1879ರ ಮೇ 14ಕ್ಕೇ ಲಿಯೊನಿಡಾಸ್ ಹಡಗಲ್ಲಿ ಇಂಡಿಯಾದಿಂದ ಮೊದಲನೇ ಕರಾರು ಕೂಲಿಗಳು ಅಲ್ಲಿಗೆ ಬಂದಿದ್ದು. ಅಗ್ರಿಮೆಂಟ್ ಅನ್ನಕ್ಕೆ ಬಾರದೆ ಗಿರ್ಮಿಟ್ ಅಂದ್ರಲ್ಲ, ಅದೇ ಜನ.

ಆಗ ಫಿಜಿ ಆಳ್ತಿದ್ದ ಬ್ರಿಟಿಷರ ಕೈವಾಡ ಲೇಖನದಲ್ಲಿ ಒಂದು ಸಾಲೂ ಇಲ್ಲ. ಮೂಲನಿವಾಸಿಗಳ ಜಮೀನು ಮಾರೋ ಹಾಗಿಲ್ಲ ಅಂತ ಕಾನೂನು ಮಾಡಿದ್ರು, ಸರಿ, ಅದು ಒಳ್ಳೇದೇ, ಆದ್ರೆ ಕಬ್ಬು ಕಡಿಯಕ್ಕೆ ಅಂತ ಸುಮಾರು 60,000 ಜನನ್ನ ಸಮುದ್ರದಾಚೆಯಿಂದ ತುಂಬ್ಕೊಂಡು ಬಂದು ಅವರನ್ನ ಬರೀ ಲೀಸಿನ ಮೇಲೆ ಬಿಟ್ರು. ಮೂರು ತಲೆಮಾರು ಗೇಯ್ದ ಗದ್ದೆ, 1997ರಿಂದ ಲೀಸು ಮುಗೀತಾ ಬಂತು, ಎಷ್ಟೋ ರೈತರು ಎದ್ದು ಹೋಗ್ಬೇಕಾಯ್ತು. ಅವರಿಗೂ ಅನ್ಯಾಯ, ಜಮೀನು ಹೋದೀತು ಅಂತ ಹೆದರಿದ ಮೂಲನಿವಾಸಿಗಳದ್ದೂ ಪೂರ್ತಿ ಸುಳ್ಳಲ್ಲ.

ಅದೇ ರಬುಕಾ 2022ರಲ್ಲಿ ಎಲೆಕ್ಷನ್ ಆದ್ಮೇಲೆ ಮತ್ತೆ ಪ್ರಧಾನಿ ಆಗಿ ಮರುವರ್ಷ ಗಿರ್ಮಿಟ್ ಜನರ ಹತ್ರ ಕ್ಷಮೆ ಕೇಳಿದ್ರು. ಅದನ್ನಾದ್ರೂ ಬರೀಬಹುದಿತ್ತು.