ಕಂಪ್ಯೂಟರಿಗೂ ಒಂದು ಅಮಾಸಿ

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಗ್ಗೆ 8ಕ್ಕೆ ಶುರು, ಮಧ್ಯಾಹ್ನ 1:30ಕ್ಕೆ ಬಂದ್. ಮೇ ಮುಗಿಯುವವರೆಗೂ ಇದೇ ಕಥೆ. ಬೆಂಗಳೂರಿನ ನೆಂಟರಿಗೆ ಹೇಳಿದರೆ “ಅರ್ಧ ದಿನ ರಜೆ, ಪುಣ್ಯವಂತರು ಬಿಡಿ” ಅನ್ನುತ್ತಾರೆ. ಮೇ ತಿಂಗಳ ಮಧ್ಯಾಹ್ನ 2 ಗಂಟೆಗೆ ಸೂಪರ್ ಮಾರ್ಕೆಟ್ಟಿನಿಂದ ಜಗತ್ ಸರ್ಕಲ್‌ವರೆಗೆ ನಡೆದು ಬರಲಿ, ಪುಣ್ಯದ ಮಾತು ಆಮೇಲೆ ಆಡೋಣ.

ಮಿನಿ ವಿಧಾನಸೌಧದ ಹತ್ತಿರ ನನ್ನದೊಂದು ಝೆರಾಕ್ಸ್, ಡಿಟಿಪಿ ಅಂಗಡಿ. ಪಹಣಿ, ಜಾತಿ-ಆದಾಯ, 371(ಜೆ) ಅರ್ಜಿ, ಬಾಡಿಗೆ ಕರಾರು, ವಂಶಾವಳಿ ಅಫಿಡವಿಟ್ಟು ಎಲ್ಲವೂ ನಮ್ಮಲ್ಲಿ. ಕಚೇರಿ ಎಂಟಕ್ಕೆ ತೆರೆದರೆ ನಾನು ಏಳೂವರೆಗೇ ಶಟರ್ ಎತ್ತಲೇಬೇಕು. ಊರೆಲ್ಲ ಈ ವೇಳೆಗೆ ಹೊಂದಿಕೊಂಡಿದೆ. ಎದುರಿನ ಚಹಾದಂಗಡಿ ಭಾಯಿ ನಸುಕಿನಲ್ಲೇ ಒಲೆ ಹಚ್ಚುತ್ತಾನೆ, ಸುಸಲಾ-ಮಿರ್ಚಿ ಬಂಡಿಯವನು ನನಗಿಂತ ಮೊದಲೇ ಹಾಜರ್. ಹೊಂದಿಕೊಳ್ಳದೆ ಉಳಿದದ್ದು ನನ್ನ ಕಂಪ್ಯೂಟರ್ ಒಂದೇ.

ಅದನ್ನು ನಡೆಸುವ ವಿಂಡೋಸ್ ತಂತ್ರಾಂಶದೊಳಗೆ ‘ಆಕ್ಟಿವ್ ಅವರ್ಸ್’ ಅಂತ ಒಂದು ಲೆಕ್ಕ ಇರುತ್ತದೆ. ಯಜಮಾನ ಯಾವ ಹೊತ್ತಿನಲ್ಲಿ ಕೆಲಸ ಮಾಡುತ್ತಾನೆ ಅನ್ನುವುದನ್ನು ಅದು ತಾನೇ ಗಮನಿಸಿ ಕಲಿತುಕೊಂಡು, ಆ ಹೊತ್ತು ಬಿಟ್ಟು ಬೇರೆ ಸಮಯದಲ್ಲಿ ಅಪ್‌ಡೇಟ್ ಹಾಕಿ ರೀಸ್ಟಾರ್ಟ್ ಆಗುತ್ತದಂತೆ. ಬಹಳ ಮರ್ಯಾದಸ್ಥ ಏರ್ಪಾಡು. ಆದರೆ ನನ್ನ ಯಂತ್ರ ಕಲಿತದ್ದು ಹತ್ತಕ್ಕೆ ತೆರೆಯುವ ಅಂಗಡಿಯನ್ನು. ಏಪ್ರಿಲ್ಲಿನಲ್ಲಿ ಏಳೂವರೆಗೆ ಬಂದು ಕೂತವನನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದರ ಪ್ರಕಾರ ಯಜಮಾನ ಇನ್ನೂ ಮನೆಯಲ್ಲಿ ಹಲ್ಲುಜ್ಜುತ್ತಿದ್ದಾನೆ.

ಇದಕ್ಕೆ ಸರಿಯಾಗಿ ಅಮೆರಿಕದವರದ್ದೂ ಒಂದು ಪಂಚಾಂಗ ಇದೆ. ವಿಂಡೋಸ್ ಮಾಡುವ ಮೈಕ್ರೋಸಾಫ್ಟ್ ಕಂಪನಿ ಅದರ ತೇಪೆಗಳನ್ನು, ಅಂದರೆ ಅಪ್‌ಡೇಟುಗಳನ್ನು, ಪ್ರತಿ ತಿಂಗಳ ಎರಡನೇ ಮಂಗಳವಾರ ಬಿಡುಗಡೆ ಮಾಡುವ ಪದ್ಧತಿ 2003ರಿಂದ ನಡೆದು ಬಂದಿದೆ. ಅಲ್ಲಿಯ ಪಶ್ಚಿಮ ಕರಾವಳಿಯಲ್ಲಿ ಬೆಳಗ್ಗೆ 10 ಗಂಟೆ ಅಂದರೆ ಏಪ್ರಿಲ್ಲಿನಲ್ಲಿ ನಮಗೆ ರಾತ್ರಿ 10:30. ಅಷ್ಟೊತ್ತಿಗೆ ನಾನು ಮಾಳಿಗೆ ಮೇಲೆ ಹಾಸಿಗೆ ಹಾಸಿರುತ್ತೇನೆ. ಅವರ ಮಂಗಳವಾರ ನನಗೆ ತಗುಲುವುದು ಬುಧವಾರ ಬೆಳಗ್ಗೆ, ಶಟರ್ ಎತ್ತಿದ ಮೇಲೆ.

ಅಂಥದೊಂದು ಬುಧವಾರ ಆಳಂದದ ಕಡೆಯ ಮುತ್ಯಾ ಒಬ್ಬ ಮೊದಲ ಬಸ್ಸಿಗೇ ಬಂದಿದ್ದ. ಹೊಲ ಪಾಲಾಗಬೇಕು, ಅದಕ್ಕೆ ವಂಶಾವಳಿ ಬೇಕು. ಹಿಂದಿನ ದಿನ ಟೈಪ್ ಮಾಡಿಟ್ಟಿದ್ದೆ, ಪ್ರಿಂಟ್ ಒಂದೇ ಬಾಕಿ. ಯಂತ್ರ ಆನ್ ಮಾಡಿ, ಅದು ಕಣ್ಣು ಬಿಡುವುದರೊಳಗೆ ಒಂದು ಚಹಾ ಕುಡಿದು ಬಂದೆ. ಬರುವಷ್ಟರಲ್ಲಿ ಪರದೆ ನೀಲಿ, ನಡುವೆ ಗಿರಗಿರ ತಿರುಗುವ ಚುಕ್ಕಿಗಳು, ಕೆಳಗೆ ಶೇಕಡಾ 4. ಕಂಪ್ಯೂಟರ್ ಬಂದ್ ಮಾಡಬೇಡಿ ಅಂತ ಒಂದು ಎಚ್ಚರಿಕೆ ಬೇರೆ. ಬೆನ್ನ ಹಿಂದಿನಿಂದಲೇ ಚಹಾ ಭಾಯಿ ಕೂಗಿದ: “ಕ್ಯಾ ಸಾಬ್, ಫಿರ್ ಸೋ ಗಯಾ ಕ್ಯಾ?”

ನಾಲ್ಕು ಹನ್ನೊಂದಾಯಿತು, ಹನ್ನೊಂದು ಇಪ್ಪತ್ತೇಳಾಯಿತು. ಮೂವತ್ತೈದಕ್ಕೆ ಬಂದು ವಾಡಿ ಔಟರಿನಲ್ಲಿ ನಿಂತ ರೈಲಿನ ಹಾಗೆ ನಿಂತುಬಿಟ್ಟಿತು. ಸಿಗ್ನಲ್ ಯಾಕೆ ಬಿದ್ದಿಲ್ಲ, ಯಾವಾಗ ಬೀಳುತ್ತದೆ, ಹೇಳುವವರಿಲ್ಲ.

ಮುತ್ಯಾ ಕನ್ನಡಕ ಸರಿಮಾಡಿಕೊಂಡು ಪರದೆ ನೋಡಿದ.

“ಎಷ್ಟ್ ಆಗ್ಯಾದೋ ತಮ್ಮಾ?”

“ಮೂವತ್ತೈದ್ರಿ ಮುತ್ಯಾ.”

“ಮತ್ತ ಪಾಸಾಯ್ತಲ್ಲ! ನಮ್ಮ ಮೊಮ್ಮಗ ಮೂವತ್ತೈದ್ ತಗೊಂಡು ಊರೆಲ್ಲಾ ಪೇಡೆ ಹಂಚ್ಯಾನ. ಇದಕ್ಕೇನ್ ಡಿಸ್ಟಿಂಕ್ಷನ್ ಬೇಕಾಗ್ಯಾದೇನು?”

ಎಂಟಾಯಿತು. ಜನ ಜಮಾಯಿಸಿದರು. ಅಪ್‌ಡೇಟ್ ಹೊತ್ತಿನಲ್ಲಿ ಅಂಗಡಿಗೆ ಬರುವವರೆಲ್ಲ ಇಂಜಿನಿಯರುಗಳೇ. ವಕೀಲರ ಗುಮಾಸ್ತ ವೈರ್ ಕಿತ್ತು ಹಾಕು ಅಂದ. ಅಂಗನವಾಡಿ ಅಕ್ಕೋರು “ಹಂಗ ಮಾಡಬ್ಯಾಡ್ರಿ ಅಣ್ಣಾರ, ನಮ್ಮ ಆಫೀಸಿನ್ಯಾಗ ಹಿಂಗೇ ಕಿತ್ತು ಇಡೀ ಡಬ್ಬಿನೇ ಹೋಯ್ತು” ಅಂದರು. ಅವರ ಮಾತೇ ಖರೆ. ನಡುವೆ ಕರೆಂಟ್ ತಪ್ಪಿದರೆ ಯಂತ್ರ ಮೇಲೇಳದೆಯೂ ಹೋಗಬಹುದು. ಆದರೆ ಬಂದ್ ಮಾಡಬೇಡಿ ಅನ್ನುವ ಎಚ್ಚರಿಕೆ ನನಗೆ ಮಾತ್ರ ಕಾಣುತ್ತದೆ, ಕರೆಂಟ್ ತೆಗೆಯುವವರಿಗೆ ಕಾಣುವುದಿಲ್ಲ. ಅರವತ್ತೆರಡಕ್ಕೆ ಸರಿಯಾಗಿ ಲೈಟ್ ಹೋಯಿತು. ಫ್ಯಾನ್ ನಿಂತಿತು. ಯುಪಿಎಸ್ ಕುಂಯ್ ಕುಂಯ್ ಅನ್ನತೊಡಗಿತು. ಅದರ ಬ್ಯಾಟರಿಗೆ ವಯಸ್ಸಾಗಿದೆ, ಕಲಬುರಗಿ ಬಿಸಿಲಿನಲ್ಲಿ ಬ್ಯಾಟರಿಗಳಿಗೆ ಬೇಗ ಮುಪ್ಪು. ಅಷ್ಟು ಜನ ಬೆವರು ಸುರಿಸುತ್ತ ತುಟಿಪಿಟಕ್ಕೆನ್ನದೆ ಒಂದು ಅಂಕಿಯನ್ನು ದಿಟ್ಟಿಸಿ ನಿಂತದ್ದನ್ನು ನಾನು ಮತ ಎಣಿಕೆಯ ದಿನವೂ ನೋಡಿಲ್ಲ. ಕರೆಂಟ್ ಬಂದಾಗ ಅಕ್ಕೋರು ಶರಣಬಸವೇಶ್ವರರಿಗೆ ಕಾಯಿ ಹರಸಿಕೊಂಡಾಗಿತ್ತು. ನನ್ನ ಹೆಸರಿನಲ್ಲಿ.

ಕೊನೆಗೂ ಯಂತ್ರ ಎದ್ದಿತು. ಎದ್ದ ಕೂಡಲೇ, ನಿಮ್ಮ ಫೈಲುಗಳೆಲ್ಲ ನೀವು ಇಟ್ಟಲ್ಲೇ ಇವೆ ಅಂತ ಒಂದು ಸಮಾಧಾನ ಹೇಳಿತು. ಯಾರೂ ಕೇಳದೆ ಇಂಥ ಸಮಾಧಾನ ಹೇಳುವವರನ್ನು ಕಂಡರೆ ನನಗೆ ಭಯ. 2018ರ ಅಕ್ಟೋಬರಿನಲ್ಲಿ ಹೀಗೇ ಬಂದ ಒಂದು ದೊಡ್ಡ ಅಪ್‌ಡೇಟು ಕೆಲವರ ಡಾಕ್ಯುಮೆಂಟುಗಳನ್ನೇ ಅಳಿಸಿ ಹಾಕಿ, ಅದರ ಹಂಚಿಕೆಯನ್ನು ಅರ್ಧಕ್ಕೆ ನಿಲ್ಲಿಸಬೇಕಾಗಿ ಬಂದಿತ್ತು.

ನನ್ನ ಫೈಲು ಇಟ್ಟಲ್ಲೇ ಇತ್ತು, ನಿಜ. ತೆರೆದರೆ ಒಳಗೆ ಕನ್ನಡ ಇರಲಿಲ್ಲ. ನಮ್ಮ ಕಡೆಯ ಟೈಪಿಸ್ಟರು ಇವತ್ತಿಗೂ ‘ನುಡಿ’ ಅನ್ನುವ ಕನ್ನಡ ತಂತ್ರಾಂಶದ ಹಳೇ ಫಾಂಟುಗಳನ್ನೇ ನೆಚ್ಚಿಕೊಂಡವರು. ಆ ಫಾಂಟುಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಮನೆಯಲ್ಲಿ ಬಾಡಿಗೆಗೆ ಇರುತ್ತವೆ. ಫಾಂಟು ಕೈಕೊಟ್ಟರೆ ಮನೆಯ ಮೂಲ ಮಾಲೀಕರು ಹೊರಗೆ ಬರುತ್ತಾರೆ. ‘ನ’ ಇದ್ದಲ್ಲಿ ಇಂಗ್ಲೆಂಡಿನ ಪೌಂಡು ಚಿಹ್ನೆ, ‘ಪ’ ಇದ್ದಲ್ಲಿ ಜಪಾನಿನ ಯೆನ್ ಚಿಹ್ನೆ, ಸುತ್ತಮುತ್ತ ತಲೆ ಮೇಲೆ ಗೀಟು ಎಳೆಸಿಕೊಂಡ ಇಂಗ್ಲಿಷ್ ‘ಎ’ಗಳು. ಮುತ್ಯಾನ ವಂಶದಲ್ಲಿಯೋ ನಾಗಪ್ಪ, ನರಸಪ್ಪ, ನಾಗಮ್ಮ ಇವರದ್ದೇ ಕಾರುಬಾರು. ಒಬ್ಬ ನಾಗಪ್ಪನಲ್ಲೇ ಪೌಂಡೂ ಇದೆ, ಯೆನ್ನೂ ಇದೆ. ಪ್ರಿಂಟ್ ಕೊಟ್ಟಿದ್ದರೆ ತಹಶೀಲ್ದಾರರು ಇದು ಹೊಲದ ತಕರಾರಲ್ಲ, ವಿದೇಶಿ ವಿನಿಮಯದ ಪ್ರಕರಣ ಅಂತ ಕಡತ ಬೇರೆ ಕಡೆ ಕಳಿಸುತ್ತಿದ್ದರು.

ಪ್ರಿಂಟ್ ಕೊಡುವ ಪ್ರಶ್ನೆಯೂ ಇರಲಿಲ್ಲ. ಪ್ರಿಂಟರು ತಾನು ಯಾರೆಂಬುದನ್ನೇ ಮರೆತಿತ್ತು. ಬದಲಿಗೆ ಪರದೆಯ ಮೂಲೆಯಲ್ಲಿ ಹೊಸದೊಂದು ಸೂರ್ಯನ ಚಿತ್ರ ಮೂಡಿತ್ತು. ಪಕ್ಕದಲ್ಲಿ ಈ ಊರಿನ ಉಷ್ಣಾಂಶ, ‘ಬಿಸಿಲು’ ಅನ್ನುವ ವರದಿ. ಇದನ್ನು ತಿಳಿಸುವುದಕ್ಕೆ ನನ್ನ ಮುಂಜಾನೆಯ ಧಂದೆ ನಿಲ್ಲಿಸಿತು ನೋಡಿ. ಏಪ್ರಿಲ್ಲಿನಲ್ಲಿ ಕಲಬುರಗಿಯಲ್ಲಿ ಬಿಸಿಲಿದೆ ಅಂತ!

ಸಿಟ್ಟು ಬಂದವರು ಸಾಮಾನ್ಯವಾಗಿ ಅಪ್‌ಡೇಟನ್ನೇ ಪೂರಾ ಬಂದ್ ಮಾಡಿಸುತ್ತಾರೆ. ಪಕ್ಕದ ಓಣಿಯ ಇಂಟರ್ನೆಟ್ ಅಂಗಡಿಯವರ ಸಲಹೆಯೂ ಅದೇ. ನನಗದು ಒಪ್ಪಿಗೆಯಿಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನುವ ಪೀಡೆ ಲೋಕವೆಲ್ಲ ಸುತ್ತಿ ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳಿತಲ್ಲ, ಅದನ್ನು ತಡೆಯುವ ತೇಪೆ ಮಾರ್ಚಿನಲ್ಲೇ ಬಂದಿತ್ತು. ಹಾಕಿಸಿಕೊಳ್ಳದವರು ಅತ್ತರು. ಹಾಗಂತ ಹಾಕಿಸಿಕೊಂಡವರು ನಕ್ಕೇ ನಗುತ್ತಾರೆ ಅನ್ನುವಂತೆಯೂ ಇಲ್ಲ. 2024ರ ಜುಲೈ 19ರಂದು ಒಂದು ಭದ್ರತಾ ತಂತ್ರಾಂಶದ ಕೆಟ್ಟ ಅಪ್‌ಡೇಟಿನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ಯಂತ್ರಗಳು ಅಂಗಾತ ಬಿದ್ದವು. ನಮ್ಮ ಹೈದರಾಬಾದಿನ ವಿಮಾನ ನಿಲ್ದಾಣದಲ್ಲೇ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು. ಔಷಧಿ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಿರಾಕಿ ಎದುರಿಗಿರುವಾಗಲೇ ಮೂಗು ಹಿಡಿದು ಕುಡಿಸಬೇಕೆ?

ರಿಪೇರಿ ಹುಡುಗ ಬಂದಾಗ ಕಚೇರಿಯಲ್ಲಿ ಬೀಗ ಹುಡುಕುವ ಹೊತ್ತು. ಫಾಂಟು ಮತ್ತೆ ಹಾಕಿದ, ಪ್ರಿಂಟರಿಗೆ ಅದರ ಹೆಸರು ಹೇಳಿಕೊಟ್ಟ. ಆಕ್ಟಿವ್ ಅವರ್ಸನ್ನು ಯಂತ್ರದ ಬುದ್ಧಿಗೆ ಬಿಡದೆ ಕೈಯಾರೆ ಬೆಳಗ್ಗೆ 6ರಿಂದ ರಾತ್ರಿ 12ಕ್ಕೆ ಇಟ್ಟ. 18 ಗಂಟೆಗಿಂತ ಹೆಚ್ಚು ಅದು ಒಪ್ಪುವುದಿಲ್ಲ. ಇಂಟರ್ನೆಟ್ಟನ್ನು ‘ಮೀಟರ್ಡ್’ ಮಾಡಿದ. ಅಂದರೆ ನಾವು ಬಡವರು, ಡೇಟಾ ಅಳೆದು ಬಳಸುತ್ತೇವೆ ಅಂತ ಯಂತ್ರಕ್ಕೆ ನಂಬಿಸುವುದು. ಆಗ ದೊಡ್ಡ ದೊಡ್ಡ ಅಪ್‌ಡೇಟುಗಳನ್ನು ಅದು ತಾನಾಗಿ ಇಳಿಸಿಕೊಳ್ಳಲು ಹಿಂಜರಿಯುತ್ತದೆ. ಐದು ವಾರ ಮುಂದೂಡುವ ಗುಂಡಿಯೂ ಇದೆ. ಆದರೆ ಅವಧಿ ಮುಗಿದ ಮೇಲೆ ಹಳೇ ಬಾಕಿ ತೀರಿಸದೆ ಮತ್ತೊಂದು ವಾಯಿದೆ ಸಿಗುವುದಿಲ್ಲ. ಸಾಲಿಗರಿಗೆ ಇದು ಹೊಸ ವಿಷಯವೇನಲ್ಲ.

ಈಗ ಬೇಸಿಗೆಯಲ್ಲಿ ಆ ಬುಧವಾರದಂದು ಒಂದೂವರೆಗೆ ಶಟರ್ ಎಳೆಯುವ ಮುಂಚೆ ನಾನೇ ಅಪ್‌ಡೇಟ್ ಗುಂಡಿ ಒತ್ತಿ ಊಟಕ್ಕೆ ಹೋಗುತ್ತೇನೆ. ಮರುದಿನ ಬೆಳಗ್ಗೆ ಫಾಂಟು, ಪ್ರಿಂಟರು ಪರೀಕ್ಷೆ ಮಾಡಬೇಕಲ್ಲ, ಅದಕ್ಕೆ ಬಾಗಿಲಿಗೆ ಒಂದು ಹಾಳೆ ಅಂಟಿಸುತ್ತೇನೆ: “ನಾಳೆ ಟೈಪಿಂಗ್ ಕೆಲಸ 9ರ ಮೇಲೆ.” ಕಾರಣ ಬರೆಯಲಿಲ್ಲ. ಬರೆದರೆ ಓದಿ ತಿಳಿದುಕೊಳ್ಳುವ ತಾಳ್ಮೆ ಯಾರಿಗಿದೆ? ಮುತ್ಯಾ ಮಾತ್ರ ತನಗೆ ತೋಚಿದ ಕಾರಣ ತಾನೇ ಹಚ್ಚಿಕೊಂಡ. ಅವನ ಹೊಲದ ಕೆಲಸ ಇನ್ನೂ ನಡೆದೇ ಇದೆ, ಅದು ಅಪ್‌ಡೇಟಿಗಿಂತ ನಿಧಾನ. ಹೀಗಾಗಿ ಬಸ್ ಹತ್ತುವ ಮುಂಚೆ ಫೋನ್ ಮಾಡುತ್ತಾನೆ.

“ತಮ್ಮಾ, ಬರ್ಲ್ಯಾ? ಇವತ್ತ ನಿನ್ನ ಕಂಪ್ಯೂಟರಿಂದು ಅಮಾಸಿ ಇಲ್ಲಲ್ಲ?”