ಮೂವತ್ತೆರಡು ಪುಟದ ಕಥೆಗೆ ಒಂದೂವರೆ ಗಂಟೆ ಬೇಕೇ?

ಮಕ್ಕಳ ಹೆಸರಾಂತ ಚಿತ್ರಪುಸ್ತಕವೊಂದು ಅನಿಮೇಶನ್ ಚಿತ್ರವಾಗಲಿದೆ ಎಂಬ ಸುದ್ದಿ ಬಂದಾಗಲೆಲ್ಲ, ಪಾತ್ರಗಳ ರೂಪ ಪುಸ್ತಕದಲ್ಲಿದ್ದಂತೆಯೇ ಇದೆಯೇ, ಧ್ವನಿ ಕೊಡುವವರು ಯಾರು ಎಂಬುದರ ಸುತ್ತಲೇ ಚರ್ಚೆ ನಡೆಯುತ್ತದೆ. ನನ್ನ ಮಟ್ಟಿಗೆ ಮೊದಲು ಕೇಳಬೇಕಾದದ್ದು ಚಿತ್ರ ಎಷ್ಟು ಹೊತ್ತಿನದು ಎಂಬುದನ್ನು. ಚಿತ್ರಪುಸ್ತಕ ಸಾಮಾನ್ಯವಾಗಿ 32 ಪುಟಗಳದ್ದು. ಓದಿ ಮುಗಿಸಲು ಹತ್ತು ನಿಮಿಷ ಸಾಕು. ಆದರೆ ಯಾವ ಪುಟದಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಯಾವುದನ್ನು ಮತ್ತೆ ತೆರೆದು ನೋಡಬೇಕು ಎಂದು ತೀರ್ಮಾನಿಸುವುದು ಮಗು. ಕಥೆ ತೆರೆಗೆ ಬಂದ ಕೂಡಲೇ ಆ ಅಧಿಕಾರ ನಿರ್ದೇಶಕರ ಪಾಲಾಗುತ್ತದೆ. ಅದನ್ನು ಅವರು ಹೇಗೆ ಬಳಸುತ್ತಾರೆ ಎಂಬುದರ ಮೇಲೆಯೇ ರೂಪಾಂತರದ ಸೋಲು ಗೆಲುವು ನಿಂತಿದೆ.

ಬ್ರಿಟನ್ನಿನ ರೇಮಂಡ್ ಬ್ರಿಗ್ಸ್ ಅವರು 1978ರಲ್ಲಿ ಪ್ರಕಟಿಸಿದ ‘ದಿ ಸ್ನೋಮ್ಯಾನ್’ ಪುಸ್ತಕದ ಕಥೆಯಲ್ಲಿ ಒಂದು ಮಾತೂ ಇಲ್ಲ. ಹುಡುಗನೊಬ್ಬ ಮಾಡಿದ ಹಿಮದ ಬೊಂಬೆ ರಾತ್ರಿ ಜೀವ ತಳೆದು, ಅವನ ಮನೆಯೊಳಗೆಲ್ಲ ಓಡಾಡಿ, ಅವನನ್ನು ಆಕಾಶದಲ್ಲಿ ಹಾರಿಸಿಕೊಂಡು ಹೋಗಿ ಮರಳಿ ಕರೆತಂದು, ಬೆಳಗಾಗುವಷ್ಟರಲ್ಲಿ ಕರಗಿಹೋಗಿರುತ್ತದೆ. 1982ರಲ್ಲಿ ಅಲ್ಲಿನ ಟಿವಿ ವಾಹಿನಿ ಚಾನೆಲ್ 4ಕ್ಕಾಗಿ ಡಯಾನ್ ಜಾಕ್ಸನ್ ಅವರ ನಿರ್ದೇಶನದಲ್ಲಿ ಇದು ಚಿತ್ರವಾದಾಗ ಅವಧಿ ಸುಮಾರು 26 ನಿಮಿಷ. ಆರಂಭದ ಪುಟ್ಟ ಪೀಠಿಕೆಯೊಂದನ್ನು ಬಿಟ್ಟರೆ ತಂಡ ಯಾರ ಬಾಯಿಗೂ ಮಾತು ತುರುಕಲಿಲ್ಲ. ಹೊವಾರ್ಡ್ ಬ್ಲೇಕ್ ಅವರ ಸಂಗೀತ ಮತ್ತು ಹಾರಾಟದ ಹೊತ್ತಿನ ಒಂದೇ ಹಾಡು ಕಥೆಯನ್ನು ನಡೆಸಿಕೊಂಡು ಹೋಗುತ್ತವೆ. ಬ್ರಿಗ್ಸ್ ಅವರ ಬಣ್ಣದ ಪೆನ್ಸಿಲ್ಲಿನ ಗೀರುಗಳನ್ನು ಉಳಿಸಿಕೊಳ್ಳಲು ಪಟ್ಟ ಶ್ರಮವನ್ನಂತೂ ಎಷ್ಟು ಮೆಚ್ಚಿದರೂ ಸಾಲದು. ಪಾರದರ್ಶಕ ಸೆಲ್ ಹಾಳೆಯ ಮೇಲೆ ಬಣ್ಣವನ್ನು ಸಮತಟ್ಟಾಗಿ ತುಂಬುವುದು ಆಗಿನ ವಾಡಿಕೆ. ಈ ಕಲಾವಿದರು ಅದರ ಮೇಲೆ ಕ್ರೇಯಾನ್, ಪ್ಯಾಸ್ಟೆಲ್‌ಗಳಿಂದ ಗೀರೆಳೆದರು. ಸೆಕೆಂಡಿಗೆ 24 ಫ್ರೇಮ್ ಓಡುವಾಗ ಒಂದು ಚಿತ್ರವನ್ನು ಎರಡು ಫ್ರೇಮಿಗೆ ಬಳಸಿದರೂ 26 ನಿಮಿಷಕ್ಕೆ 18,000ಕ್ಕೂ ಹೆಚ್ಚು ಚಿತ್ರಗಳಾಗುತ್ತವೆ. ಒಂದರ ಗೀರು ಮುಂದಿನದರ ಗೀರಿಗೆ ಕರಾರುವಾಕ್ಕಾಗಿ ಕೂಡದ ಕಾರಣ, ಬೊಂಬೆ ಚಲಿಸುವಾಗ ಅದರ ಮೈ ಸಣ್ಣಗೆ ಕಂಪಿಸುತ್ತದೆ, ಕೈಯಿಂದ ಬರೆದದ್ದೆಂದು ಮಗುವಿಗೂ ತಿಳಿಯುತ್ತದೆ.

ಈ ಚಿತ್ರವೂ ಮೂಲಕ್ಕೆ ಸೇರಿಸದೆ ಇಲ್ಲ. ಪುಸ್ತಕದಲ್ಲಿ ಕ್ರಿಸ್‌ಮಸ್ ಇಲ್ಲ. ಚಿತ್ರದಲ್ಲಿ ಹುಡುಗ ಉತ್ತರಕ್ಕೆ ಹಾರಿ ಫಾದರ್ ಕ್ರಿಸ್‌ಮಸ್‌ನಿಂದ (ಸಾಂಟಾ ಕ್ಲಾಸ್) ಒಂದು ಸ್ಕಾರ್ಫ್ ಪಡೆಯುತ್ತಾನೆ. ಇದನ್ನು ನಾನು ಒಪ್ಪುತ್ತೇನೆ, ಏಕೆಂದರೆ ಬೆಳಿಗ್ಗೆ ಕರಗಿದ ಬೊಂಬೆಯ ಮುಂದೆ ಜೇಬಿನಿಂದ ಆ ಸ್ಕಾರ್ಫ್ ಹೊರಬಂದಾಗ ನಡೆದದ್ದು ಕನಸೆಂಬ ಸಮಾಧಾನಕ್ಕೂ ಎಡೆಯಿಲ್ಲದೆ ದುಃಖ ಇನ್ನಷ್ಟು ನಿಜವಾಗುತ್ತದೆ. ಆದರೆ ಆ ಉಡುಗೊರೆಯ ಚೀಟಿಯಲ್ಲಿ ಹುಡುಗನಿಗೆ ಜೇಮ್ಸ್ ಎಂದು ಹೆಸರಿಟ್ಟದ್ದು ಬೇಡವಾಗಿತ್ತು. ಪುಸ್ತಕದ ಹುಡುಗನಿಗೆ ಹೆಸರಿಲ್ಲ. ಓದುವ ಮಗುವೇ ಅವನಾಗಬಹುದಿತ್ತು.

ಅವಧಿ ಹಿಗ್ಗಿದಾಗ ಆಗುವ ಹಾನಿ ಇದಕ್ಕಿಂತ ದೊಡ್ಡದು. ಅಮೆರಿಕದ ಡಾ. ಸ್ಯೂಸ್ ಅವರ 1957ರ ಪುಸ್ತಕದಲ್ಲಿ ಗ್ರಿಂಚ್ ಎಂಬ ಸಿಡುಕ ಕ್ರಿಸ್‌ಮಸ್ ಹಬ್ಬವನ್ನು ಏಕೆ ದ್ವೇಷಿಸುತ್ತಾನೆಂಬುದಕ್ಕೆ ಸರಿಯಾದ ಕಾರಣ ಯಾರಿಗೂ ತಿಳಿಯದೆಂದೇ ಹೇಳಲಾಗಿದೆ. ಅವನ ಹೃದಯ ತೀರಾ ಚಿಕ್ಕದಿರಬಹುದೆಂಬ ಊಹೆಯಷ್ಟೇ ಅಲ್ಲಿರುವುದು. 1966ರಲ್ಲಿ ಚಕ್ ಜೋನ್ಸ್ ಟಿವಿಗಾಗಿ ಅರ್ಧ ಗಂಟೆಯೊಳಗಿನ ಚಿತ್ರ ಮಾಡಿದಾಗ ಗ್ರಿಂಚ್‌ಗೆ ಹಸಿರು ಬಣ್ಣ ಕೊಟ್ಟರು, ಹಾಡು ಸೇರಿಸಿದರು, ಆದರೆ ಆ ಊಹೆಯನ್ನು ಹಾಗೆಯೇ ಬಿಟ್ಟರು. 2018ರ ಚಿತ್ರಕ್ಕೆ ಒಂದೂವರೆ ಗಂಟೆ ತುಂಬಬೇಕಿತ್ತು. ಹಾಗಾಗಿ ಗ್ರಿಂಚ್ ಅನಾಥಾಶ್ರಮದಲ್ಲಿ ಒಂಟಿಯಾಗಿ ಬೆಳೆದ ಮಗುವಾದ. ಕೇಡಿಗೆ ಕಾರಣ ಹುಡುಕುವ ಕೆಲಸವನ್ನು ಸ್ಯೂಸ್ ಮಕ್ಕಳಿಗೆ ಬಿಟ್ಟಿದ್ದರು. ಚಿತ್ರ ಅದನ್ನು ಕಸಿದುಕೊಂಡಿತು.

ಪುಟವಿನ್ಯಾಸವೂ ಕಥೆಯ ಭಾಗವೆಂಬುದನ್ನು ಮರೆಯುವವರು ಅನೇಕರು. ಮಾರಿಸ್ ಸೆಂಡಾಕ್ ಅವರ 1963ರ ‘ವೇರ್ ದ ವೈಲ್ಡ್ ಥಿಂಗ್ಸ್ ಆರ್’ ಪುಸ್ತಕದಲ್ಲಿ ಮ್ಯಾಕ್ಸ್ ಎಂಬ ಹುಡುಗನ ಕೋಣೆ ಕಾಡಾಗುತ್ತಾ ಹೋದಂತೆ ಚಿತ್ರವೂ ಬೆಳೆದು, ಅಂಚುಗಳನ್ನು ನುಂಗಿ, ಕೊನೆಗೆ ಎರಡೂ ಪುಟಗಳನ್ನು ತುಂಬಿ ಮಾತನ್ನೇ ಹೊರಗಟ್ಟುತ್ತದೆ. ಅವನು ಮನೆಗೆ ಮರಳಿದ ಮೇಲೆ ಕಡೆಯ ಪುಟದಲ್ಲಿ ಚಿತ್ರವೇ ಇಲ್ಲ, ಕೆಲವು ಪದಗಳಷ್ಟೇ. ತೆರೆಯ ಚೌಕಟ್ಟಾದರೋ ಮೊದಲಿಂದ ಕೊನೆಯವರೆಗೆ ಸಾಮಾನ್ಯವಾಗಿ ಒಂದೇ ಅಳತೆಯದು. ಇದಕ್ಕೆ ಸಮನಾದದ್ದನ್ನು ಶಬ್ದದಲ್ಲೋ ಮೌನದಲ್ಲೋ ಖಾಲಿ ಜಾಗದಲ್ಲೋ ಕಂಡುಕೊಳ್ಳಲಾಗದಿದ್ದರೆ ಪಾತ್ರಗಳನ್ನು ಎಷ್ಟು ತದ್ವತ್ತಾಗಿ ಬರೆದರೂ ಪ್ರಯೋಜನವಿಲ್ಲ.

ಹಿಂದೆ ಟಿವಿಯ ಅರ್ಧ ಗಂಟೆಯ ಕಾರ್ಯಕ್ರಮಾವಧಿ ಇಂಥ ಕಥೆಗಳನ್ನು ಕಾಪಾಡಿತು. ಚಿತ್ರಮಂದಿರದಲ್ಲಿ ಟಿಕೆಟ್ ಕೊಂಡು ಬಂದವರನ್ನು ಅರ್ಧ ಗಂಟೆಗೇ ಎಬ್ಬಿಸಿ ಕಳುಹಿಸಲಾಗದೆಂಬ ನಿರ್ಮಾಪಕರ ಕಷ್ಟವೂ ಅರ್ಥವಾಗುವಂಥದೇ. ಆದರೆ ಈಗ ಒಟಿಟಿಯಲ್ಲಿ ಚಿತ್ರ ಇಷ್ಟೇ ಉದ್ದವಿರಬೇಕೆಂಬ ಕಟ್ಟುಪಾಡಿಲ್ಲ. ಹಾಗಿರುವಾಗ ಚಿತ್ರಪುಸ್ತಕದ ಹಕ್ಕು ಪಡೆಯುವ ಸ್ಟುಡಿಯೋಗಳು ಮೊದಲು ಮೂಲ ಕಥೆ ಎಷ್ಟು ನಿಮಿಷ ತಾಳುತ್ತದೆಂದು ನೋಡಲಿ, ಚಿತ್ರಕಥೆಯನ್ನು ಅದಾದ ಮೇಲೆ ಬರೆಸಲಿ.